ಹೌದಾ ಅಣ್ಣ ಕಾಯುತ್ತಿದ್ದ ಮಾತು

ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಮಗಳಿಗೆ, ಅಳಿಯನಿಗೆ ನಮ್ಮ ಲಿಫ್ಟ್ ಮೆಕ್ಯಾನಿಕ್‌ಗಳೆಲ್ಲರ ಪರವಾಗಿ ನಮಸ್ಕಾರ. ಹಿರಿಯರಿಗೆ, ಬೇರೆ ಬೇರೆ ಊರುಗಳಿಂದ ಬಂದ ಗೆಳೆಯರಿಗೆ, ಇನ್ನೂ ಮೆಟ್ಟಿಲು ಹತ್ತುತ್ತಿರುವವರಿಗೂ ನಮಸ್ಕಾರ. — ಒಂದು ನಿಮಿಷ. ಉಸಿರು ತೆಗೆದುಕೊಳ್ಳುತ್ತೇನೆ.

ನೋಡಿದಿರಲ್ಲ. ಲಿಫ್ಟ್ ರಿಪೇರಿ ಮಾಡುವವರ ಸಭೆ. ಸಭಾಂಗಣ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿದೆ! ಬಾಗಿಲಿಗೆ ಒಂದು ಮುರುಕಲು ಕುರ್ಚಿ ಅಡ್ಡ ಇಟ್ಟಿದ್ದಾರೆ. ಕೆಳಗೆ ಅದರ ಮುಂದೆ ನಿಂತು ನಮ್ಮವರು ಮಾಡಿದ್ದೇನು? ರಿಪೇರಿಯಾ? ಇಲ್ಲ ಸ್ವಾಮಿ, ಜಗಳ. ಬಾಗಿಲಿನ ದೋಷ ಅಂತ ಒಬ್ಬರು, ಪ್ಯಾನೆಲಿನ ದೋಷ ಅಂತ ಇನ್ನೊಬ್ಬರು. ಮೊದಲನೇ ಮಹಡಿಗೆ ಬರುವಷ್ಟರಲ್ಲಿ ಅದು "ನಿನಗೇನು ಗೊತ್ತು" ಆಗಿತ್ತು. ಎರಡನೇ ಮಹಡಿಗೆ ಬರುವಷ್ಟರಲ್ಲಿ "ನಿಮ್ಮಪ್ಪನಿಗೇನು ಗೊತ್ತಿತ್ತು" ಆಗಿತ್ತು. ಮೂರನೆಯದಕ್ಕೆ ಬಂದಾಗ ಇಬ್ಬರಿಗೂ ಉಸಿರಿರಲಿಲ್ಲ, ಅದಕ್ಕೆ ನಿಂತಿತು. ಈ ಕಟ್ಟಡಕ್ಕೆ ಇನ್ನೆರಡು ಮಹಡಿ ಇಲ್ಲದ್ದು ನಮ್ಮ ಪುಣ್ಯ.

ಕ್ಷಮಿಸಿ. ಶ್ರದ್ಧಾಂಜಲಿ ಸಭೆಯಲ್ಲಿ ಕೋಪ ಮಾಡಿಕೊಳ್ಳಬಾರದು. ನನ್ನ ಹೆಂಡತಿ ಮನೆ ಬಾಗಿಲಲ್ಲೇ ಹೇಳಿ ಕಳಿಸಿದ್ದಾಳೆ. "ಅಲ್ಲಿ ಹೋಗಿ ಕೂಗಾಡ್ಬೇಡಿ" ಅಂದಳು. "ನಾನ್ಯಾಕೆ ಕೂಗಾಡ್ಲಿ!" ಅಂತ ಕೂಗಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು.

ಇರಲಿ. ಈ ಫೋಟೋದಲ್ಲಿ ನಗುತ್ತಿರುವ ನಮ್ಮ ಹಿರಿಯರ ಬಗ್ಗೆ ಮಾತಾಡಲು ನನ್ನನ್ನು ನಿಲ್ಲಿಸಿದ್ದೀರಿ. ಇವರಿಗೆ ತಂದೆ ತಾಯಿ ಇಟ್ಟ ಹೆಸರು ಒಂದಿದೆ. ಅದನ್ನು ಕರೆದರೆ ಇವರೇ ತಿರುಗಿ ನೋಡುತ್ತಿರಲಿಲ್ಲ. ನಮಗೆಲ್ಲ ಇವರು ಹೌದಾ ಅಣ್ಣ. ಆ ಹೆಸರು ಯಾಕೆ ಬಂತು ಅಂತ ನಮ್ಮ ಕೆಲಸದವರಿಗೆ ಗೊತ್ತು. ಮಿಕ್ಕವರಿಗೆ ಹೇಳುತ್ತೇನೆ.

ನಮ್ಮ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ, ಮೆಷಿನ್ ರೂಮಿನಲ್ಲಿ. ಇನ್ನೊಬ್ಬ ಕೆಳಗೆ, ಬಾವಿಯಂಥ ಕತ್ತಲಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತಿರುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕೂಗೇ ಆಧಾರ. ಕೆಳಗಿನವನು ಕೂಗುತ್ತಾನೆ: "ಒಂದು ಗೇಣು ಮೇಲೆ!" ಮೇಲಿನವನು ತಕ್ಷಣ ಎತ್ತುವ ಹಾಗಿಲ್ಲ. ಅದನ್ನೇ ತಿರುಗಿ ಕೂಗಬೇಕು: "ಒಂದು ಗೇಣು ಮೇಲೆ — ಹೌದಾ?" ಕೆಳಗಿನಿಂದ "ಹೌದು" ಬರಬೇಕು. ಬಂದ ಮೇಲೆ ಕೈ ಹಾಕಬೇಕು. ಬರಲಿಲ್ಲವೋ, ಕೈ ಹಾಕುವ ಹಾಗಿಲ್ಲ. ಯಾಕೆಂದರೆ ಕೆಳಗೆ ನಿಂತವನ ಬೆರಳುಗಳು ಅವನಿಗಿನ್ನೂ ಬೇಕು.

ನಾನು ಮತ್ತು ಅಣ್ಣ ಹೀಗೆ ಜೋಡಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದೆವು. ನನ್ನ ಹತ್ತೂ ಬೆರಳು ನೋಡಿ — ಇವೆ. ಅದು ಅಣ್ಣನ ದಯೆ. ಅದನ್ನು ಒಪ್ಪುತ್ತೇನೆ. ಆದರೆ ಈ ಮನುಷ್ಯ ಆ ಅಭ್ಯಾಸವನ್ನು ಕೆಲಸ ಮುಗಿಸಿ ಹೊರಗೆ ಬಂದ ಮೇಲೂ ಬಿಡಲಿಲ್ಲವಲ್ಲ! ಅದು ನನ್ನ ತಕರಾರು. ಅಂಗಡಿ ಮುಂದೆ ನಿಂತು "ಅಣ್ಣಾ, ಎರಡು ಟೀ ಹೇಳಿ, ನನಗೆ ಸಕ್ಕರೆ ಕಮ್ಮಿ" ಅಂದರೆ, "ಎರಡು ಟೀ, ನಿನಗೆ ಸಕ್ಕರೆ ಕಮ್ಮಿ — ಹೌದಾ?" ನಾನು ಹೌದು ಅನ್ನದಿದ್ದರೆ ಟೀ ಬರುವುದಿಲ್ಲ. "ಅಣ್ಣಾ, ನಮ್ಮ ಮಾವ ತೀರ್ಕೊಂಡ್ರು, ನಾಳೆ ಬರಲ್ಲ." "ಮಾವ ತೀರ್ಕೊಂಡ್ರು, ನಾಳೆ ಬರಲ್ಲ — ಹೌದಾ?" ಅಲ್ಲ, ಮಾವ ತೀರಿಕೊಂಡರು ಅಂತ ಯಾರಾದರೂ ತಮಾಷೆಗೆ ಹೇಳುತ್ತಾರಾ? ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಈಗ ಗುಂಪಿನ ವಿಷಯಕ್ಕೆ ಬರುತ್ತೇನೆ. ಗುಂಪು ಅಂದರೆ ನಮ್ಮ ಫೋನಿನ ಗುಂಪು. ಅತ್ತಿಗೆ, ನೀವು ಆ ಹೆಸರು ಎತ್ತಿದರೇ ಮುಖ ತಿರುಗಿಸುತ್ತೀರಿ, ಗೊತ್ತು. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ಅದನ್ನು ಶುರು ಮಾಡಿದವರು ಅಣ್ಣ. ಒಳ್ಳೆಯ ಉದ್ದೇಶಕ್ಕೇ ಮಾಡಿದರು. ಯಾವುದೋ ಊರಿನ ಯಾವುದೋ ಕಟ್ಟಡದ ಮೇಲೆ ನಮ್ಮವನೊಬ್ಬ ಒಬ್ಬನೇ ಸಿಕ್ಕಿಹಾಕಿಕೊಂಡಿರುತ್ತಾನೆ. ಮುಂದೆ ಇರುವುದು ಅವನು ಹುಟ್ಟುವ ಮೊದಲಿನ ಮೆಷಿನ್. ಫೋಟೋ ತೆಗೆದು ಗುಂಪಿಗೆ ಹಾಕುತ್ತಾನೆ. ಎಲ್ಲೋ ಇರುವ ಇನ್ನೊಬ್ಬ, ಊಟ ಮಾಡುತ್ತಿದ್ದ ಕೈಯಲ್ಲೇ, "ಎಡಗಡೆ ಸ್ಕ್ರೂ ನೋಡು" ಅಂತ ಉತ್ತರ ಕೊಡುತ್ತಾನೆ. ಎಷ್ಟು ಒಳ್ಳೆಯ ವಿಷಯ ಹೇಳಿ! ಒಂದಷ್ಟು ದಿನ ಹೀಗೇ ಚಂದವಾಗಿ ನಡೆಯಿತು. ಆಮೇಲೆ ನಾವೆಲ್ಲ ಸೇರಿಕೊಂಡೆವು, ಕುಲಗೆಡಿಸಿದೆವು.

ಇಲ್ಲಿ ಇಬ್ಬರನ್ನು ಪರಿಚಯ ಮಾಡಿಸಬೇಕು. ಕಿಟಕಿ ಪಕ್ಕ ಬಿಳಿ ಶರ್ಟು ಹಾಕಿ ಕೂತಿರುವವರು ರಿಲೇ ದೊಡ್ಡಪ್ಪ. ಹಳೆಯ ಪ್ಯಾನೆಲಿನಲ್ಲಿ ಸಾಲಾಗಿ ರಿಲೇ ಅನ್ನುವ ಸ್ವಿಚ್ಚುಗಳು ಟಕಟಕ ಅನ್ನುತ್ತವಲ್ಲ, ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ಸರಿ ಮಾಡಬಹುದು, ಅದೇ ಲಿಫ್ಟು, ಮಿಕ್ಕಿದ್ದೆಲ್ಲ ಆಟದ ಸಾಮಾನು ಅನ್ನುವವರು. ಅವರಿಂದ ಆದಷ್ಟು ದೂರ, ಆ ಗೋಡೆಗೆ ಅಂಟಿಕೊಂಡು ಕೂತಿರುವವರು ಬೋರ್ಡ್ ಭಾವ. ಆ ಟಕಟಕವನ್ನೆಲ್ಲ ಗುಜರಿಗೆ ಹಾಕಿ, ಈಗ ಏನಿದ್ದರೂ ಎಲೆಕ್ಟ್ರಾನಿಕ್ ಬೋರ್ಡು, ಕೆಟ್ಟರೆ ಕಿತ್ತು ಇನ್ನೊಂದು ಕೂರಿಸಿ ಅನ್ನುವವರು. ಇಬ್ಬರೂ ಕೆಲಸದಲ್ಲಿ ಬಂಗಾರ. ಇಬ್ಬರ ಕೈಗೂ ಫೋನು ಕೊಡಬಾರದು!

ನಗಬೇಡಿ. ನಗುವವರೆಲ್ಲ ಒಂದೊಂದು ಪಕ್ಷ ಸೇರಿಕೊಂಡಿದ್ದವರೇ. ಎದುರಿಗೆ ಸಿಕ್ಕರೆ "ಚೆನ್ನಾಗಿದ್ದೀರಾ, ಮಕ್ಕಳು ಹೇಗಿದ್ದಾರೆ" ಅನ್ನುವ ಜನ, ಫೋನು ಕೈಗೆ ಬಂತು ಅಂದರೆ "ಮುಚ್ಚೋ ಬಾಯಿ". ಯಾಕೆ? ಬರೆಯುವಾಗ ಎದುರಿಗೆ ಮುಖ ಇರುವುದಿಲ್ಲ. ಅಷ್ಟೇ. ಲಿಫ್ಟಿನ ಬಾವಿಯಲ್ಲೂ ಮುಖ ಕಾಣುವುದಿಲ್ಲ. ಅಲ್ಲಿ ಎಷ್ಟು ಹುಷಾರಾಗಿರುತ್ತೇವೆ! ಇಲ್ಲಿ ಯಾರ ಬೆರಳು ಹೋದರೆ ನಮಗೇನು.

ಒಂದು ದಿನ ಇಬ್ಬರಿಗೂ ಗ್ರೀಸಿನ ಬಗ್ಗೆ ಜಗಳ. ಲಿಫ್ಟ್ ಎಳೆಯುವ ಉಕ್ಕಿನ ಹಗ್ಗಕ್ಕೆ ಹಚ್ಚಬೇಕೋ ಬೇಡವೋ ಅಂತ. ಬೆಳಗಿನಿಂದ ನಡೆದಿತ್ತು. ಮಧ್ಯೆ ನಮ್ಮ ಮೀಸೆಯವರು — ಎರಡನೇ ಸಾಲಿನ ಕೊನೆಯಲ್ಲಿದ್ದಾರೆ, ಆಸ್ಪತ್ರೆಯ ಲಿಫ್ಟ್ ನೋಡಿಕೊಳ್ಳುವವರು — ಒಂದು ಪ್ರಶ್ನೆ ಹಾಕಿದರು. "ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತಿದೆ, ಒಳಗೆ ಆಪರೇಷನ್‌ಗೆ ಹೊರಟ ರೋಗಿ ಇದ್ದಾರೆ, ಈ ಮೆಷಿನ್ನಿನ ಬ್ರೇಕ್ ಬಿಡಿಸೋದು ಹೇಗೆ, ಯಾರಾದ್ರೂ ಬೇಗ ಹೇಳಿ." ಸ್ವಾಮಿ, ಒಬ್ಬರಾದರೂ ನೋಡಬೇಡವೇ? ಆ ಪ್ರಶ್ನೆಯ ಮೇಲೆ ಗ್ರೀಸು ಸುರಿಯಿತು, ಗ್ರೀಸಿನ ಮೇಲೆ ಬೈಗುಳ ಸುರಿಯಿತು. ಮೀಸೆಯವರು ಎರಡನೇ ಸಲ ಕೇಳಿದರು. ಆಗ ಒಬ್ಬ ಮಹಾನುಭಾವ ಉತ್ತರ ಕೊಟ್ಟ: "ಇಲ್ಲಿ ಮುಖ್ಯವಾದ ಚರ್ಚೆ ನಡೀತಿದೆ, ದಯವಿಟ್ಟು ಮಧ್ಯೆ ಬರಬೇಡಿ." — ದಯವಿಟ್ಟು ಅಂತೆ! ಅದೊಂದು ಮರ್ಯಾದೆ ಬೇರೆ!

ಮೀಸೆಯವರು ಕೊನೆಗೆ ಅಣ್ಣನಿಗೆ ಫೋನ್ ಮಾಡಿದರು. ಅಣ್ಣ ಹೇಳಿದರು, ಇವರು ತಿರುಗಿ ಹೇಳಿದರು, ಹೌದು ಅನ್ನಿಸಿಕೊಂಡರು, ಬ್ರೇಕ್ ಬಿಡಿಸಿ ಲಿಫ್ಟನ್ನು ಮಹಡಿಗೆ ತಂದರು. ರೋಗಿ ಬದುಕಿದರು. ಗುಣವಾಗಿ ಮನೆಗೆ ಹೊರಟ ದಿನ ಲಿಫ್ಟ್ ಬೇಡವೇ ಬೇಡ ಅಂತ ಮೆಟ್ಟಿಲು ಇಳಿದುಕೊಂಡೇ ಹೋದರಂತೆ. ಅವರದು ತಪ್ಪು ಅಂತ ಯಾರು ಅನ್ನುತ್ತಾರೆ?

ಅದರ ಮರುದಿನ ಅಣ್ಣ ಗುಂಪಿಗೆ ಒಂದು ಕಟ್ಟಳೆ ಮಾಡಿದರು. ಒಂದೇ ಕಟ್ಟಳೆ. ಯಾರ ಮಾತನ್ನಾದರೂ ನೀವು ಒಪ್ಪದಿದ್ದರೆ, ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಬರೆಯಬೇಕು. ಕೊನೆಗೆ "ಹೌದಾ?" ಅನ್ನಬೇಕು. ಅವರು "ಹೌದು" ಅಂದ ಮೇಲೆ ನಿಮ್ಮ ವಾದ. ಹೌದು ಅನ್ನದಿದ್ದರೆ ನಿಮಗೆ ಅವರ ಮಾತು ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ. ಮತ್ತೆ ಬರೆಯಿರಿ.

ಅಯ್ಯೋ, ಎಷ್ಟು ಗೋಳಾಡಿದೆವು! ಇದೇನು ಲಿಫ್ಟಾ, ಶಾಲೆಯಾ ಅಂದೆವು. ಕುತಂತ್ರ ಮಾಡಿದೆವು. ಬೋರ್ಡ್ ಭಾವ ಬರೆದರು: "ದೊಡ್ಡಪ್ಪ ಹೇಳಿದ್ದೇನಂದ್ರೆ, ತಮ್ಮ ತಲೆಯೊಳಗೂ ತುಕ್ಕು ಹಿಡಿದಿದೆ ಅಂತ. ಹೌದಾ?" ಅಣ್ಣ ಅದನ್ನು ಅಳಿಸಿದರು. ಅಳಿಸಿ ಸುಮ್ಮನಾಗಲಿಲ್ಲ, ಫೋನ್ ಮಾಡಿದರು. "ಅವರು ಹಾಗಂದ್ರಾ?" "ಇಲ್ಲ." "ಮತ್ತೆ ಏನಂದ್ರು?" ಭಾವ ಹಲ್ಲು ಕಡಿಯುತ್ತಾ ಹೇಳಬೇಕು. ಅದನ್ನೇ ಬರೆಯಬೇಕು. ಒಂದು ಜಗಳಕ್ಕೆ ಎಷ್ಟು ಕೆಲಸ ನೋಡಿ! ಅರ್ಧ ಜಗಳಗಳು ಬೇಜಾರಿಗೇ ಸತ್ತವು.

ಉಳಿದ ಅರ್ಧ ಕರಗಿಹೋದವು, ಎಲ್ಲರೂ ತಬ್ಬಿಕೊಂಡರು ಅಂತ ತಿಳಿಯಬೇಡಿ. ಸುಳ್ಳು. ಗ್ರೀಸಿನ ವಿಷಯದಲ್ಲಿ ಇಬ್ಬರೂ ಇವತ್ತಿಗೂ ಒಪ್ಪಿಲ್ಲ. ಆದರೆ ತಿರುಗಿ ಹೇಳಿ ಹೇಳಿ ಕೊನೆಗೆ ಉಳಿದ ಭಿನ್ನಾಭಿಪ್ರಾಯ ಅಂಗೈಯಷ್ಟಿತ್ತು. ಅದರಲ್ಲಿ ಬೈಗುಳಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಮೀಸೆಯವರು ಕೇಳಿದಂಥ ಪ್ರಶ್ನೆ ಯಾವತ್ತೂ ಜಗಳದಡಿ ಮುಚ್ಚಿಹೋಗಲಿಲ್ಲ.

ಆದರೆ ಇದನ್ನೆಲ್ಲ ಕಾಯಬೇಕಿತ್ತಲ್ಲ, ಕಾದವರು ಯಾರು? ಒಬ್ಬರೇ. ಅಳಿಸುವ ಅಧಿಕಾರ, ಸೇರಿಸುವ ಅಧಿಕಾರ, ಎಲ್ಲ ಅಣ್ಣನ ಫೋನಿನಲ್ಲಿ. "ನನಗೂ ಸ್ವಲ್ಪ ಕೊಡಿ ಅಣ್ಣ, ನಾನೂ ನೋಡ್ಕೋತೀನಿ" ಅಂದೆ. "ನಿನಗೆ ಮೂಗಿನ ತುದೀಲಿ ಕೋಪ ಕಣೋ. ಮೊದಲನೇ ದಿನವೇ ಎಲ್ಲರನ್ನೂ ಹೊರಗೆ ಹಾಕಿ ಒಬ್ಬನೇ ಕೂತಿರ್ತೀಯ" ಅಂದರು. ನನಗೆ ಮೈಯೆಲ್ಲ ಉರಿಯಿತು. ಈಗ ಆ ಫೋನು ಅತ್ತಿಗೆಯ ಕೈಯಲ್ಲಿದೆ. ನೋಡಿ, ಮಡಿಲಲ್ಲೇ ಇಟ್ಟುಕೊಂಡಿದ್ದಾರೆ.

ಅಣ್ಣ ಹೋದ ಸುದ್ದಿಯನ್ನು ಗುಂಪಿಗೆ ಹಾಕಿದವನು ನಾನು. "ಹೌದಾ ಅಣ್ಣ ಇನ್ನಿಲ್ಲ" ಅಂತ ಬರೆದೆ. ಕೂಡಲೇ ಮೀಸೆಯವರಿಂದ ಒಂದು ಸಾಲು ಬಂತು. "ಅಣ್ಣ ಇನ್ನಿಲ್ಲ — ಹೌದಾ?" ಆ ಸಾಲಿಗೆ ಉತ್ತರ ಬರೆಯಬೇಕಲ್ಲ... ಎರಡಕ್ಷರ. ಬರೆಯುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ.

ಅದಾದ ಮೇಲೆ ನೀವೆಲ್ಲ ಏನು ಮಾಡಿದಿರಿ? ಸಂತಾಪ ಸೂಚಿಸಿದಿರಿ. ಎಷ್ಟು ಹೊತ್ತು? ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತು. ಆಮೇಲೆ ಈ ಫೋಟೋ. ರಿಲೇ ಪಕ್ಷದವರು, ಅಣ್ಣ ಹಳೆ ಪ್ಯಾನೆಲಿನ ಮುಂದೆ ನಿಂತಿರುವ ಫೋಟೋ ಇಡಬೇಕು ಅಂದರು. ಬೋರ್ಡ್ ಪಕ್ಷದವರು, ಅಣ್ಣ ಬೋರ್ಡು ಕೈಯಲ್ಲಿ ಹಿಡಿದಿರುವ ಫೋಟೋ ಇಡಬೇಕು ಅಂದರು. ಅಣ್ಣ ನಮ್ಮ ಕಡೆ, ಇಲ್ಲ ನಮ್ಮ ಕಡೆ. "ಸತ್ತವರ ಬಾಯಿಗೆ ಮಾತು ತುರುಕಬೇಡಿ" ಅಂತ ಇವರು, "ನೀವೇ ತುರುಕಬೇಡಿ" ಅಂತ ಅವರು. ತಿರುಗಿ ಹೇಳುವುದಿಲ್ಲ, ಹೌದಾ ಇಲ್ಲ, ಹೌದು ಇಲ್ಲ. ಕಟ್ಟಳೆ ಮಾಡಿದವರು ಹೋದರು, ಕಟ್ಟಳೆಯೂ ಹೋಯಿತು. ನಾಚಿಕೆ ಆಗಬೇಕು ನಮಗೆ.

ಅದರ ಮಧ್ಯೆ ಒಬ್ಬರು ಬರೆದರು: "ಮನೆಯವರು ಸ್ವಲ್ಪ ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು." — ಯಾರು ಅಂತ ಹೇಳುವುದಿಲ್ಲ. ತಿರುಗಿ ನೋಡಬೇಡಿ! ಅವರು ಕೆಟ್ಟದ್ದಕ್ಕೆ ಬರೆದಿರಲಿಕ್ಕಿಲ್ಲ. ಆದರೆ ಆ ಸಾಲು ಹೋಗಿ ಸದ್ದು ಮಾಡಿದ್ದು ಎಲ್ಲಿ? ಅಣ್ಣನ ಮನೆಯ ಊಟದ ಮೇಜಿನ ಮೇಲಿದ್ದ ಫೋನಿನಲ್ಲಿ. ಓದಿದ್ದು ಯಾರು? ಅತ್ತಿಗೆ.

ಮಾರನೇ ದಿನ ನಾನು ಮನೆಗೆ ಹೋದೆ. ಅತ್ತಿಗೆ ಹೇಳಿದರು: "ನಿಮ್ಮ ಸಭೆಗೆ ಬರ್ತೀನಿ. ಸಭೆ ಮುಗಿದ ಕೂಡಲೇ ಈ ಗುಂಪನ್ನ ಅಳಿಸಿ ಹಾಕ್ತೀನಿ." ಇಷ್ಟು ವರ್ಷದ ಪ್ರಶ್ನೆ, ಉತ್ತರ, ಫೋಟೋ, ಎಲ್ಲ ಹೋಗುತ್ತದೆ. ನಾಳೆ ಇನ್ನೊಬ್ಬ ಮೀಸೆಯವರು ಇನ್ನೊಂದು ಮೆಷಿನ್ ಮುಂದೆ ನಿಂತು ಯಾರನ್ನು ಕೇಳುತ್ತಾರೆ? ಅದನ್ನೇ ಹೇಳಿದೆ. ಬೇಡ ಅತ್ತಿಗೆ ಅಂದೆ, ಅಣ್ಣನ ನೆನಪು ಅಂದೆ, ಜೀವದ ಪ್ರಶ್ನೆ ಅಂದೆ. ಅತ್ತಿಗೆ ಕೇಳಿಸಿಕೊಂಡು, ಎದ್ದು ಒಳಗೆ ಹೋದರು. ಹೋಗುವಾಗ ಒಂದು ಮಾತು: "ನಿಮ್ಮಣ್ಣ ನಿಮಗೆ ಏನೂ ಕಲಿಸಲಿಲ್ಲವಲ್ಲಪ್ಪ."

ನನಗೆ ಅರ್ಥವಾಗಲಿಲ್ಲ. ಅತ್ತಿಗೆಯ ಮೇಲೂ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಇವತ್ತು ಮೆಟ್ಟಿಲು ಹತ್ತುವಾಗ, ದೊಡ್ಡಪ್ಪ, ಭಾವ ಇಬ್ಬರ ಜಗಳದ ಹಿಂದೆ ಏದುಸಿರು ಬಿಡುತ್ತಾ ಬರುವಾಗ ಹೊಳೆಯಿತು. ನಾನು ಅವತ್ತು ತಿರುಗಿ ಹೇಳಲೇ ಇಲ್ಲ.

ಅತ್ತಿಗೆ, ಎಲ್ಲರ ಮುಂದೆ ಈಗ ಹೇಳಲಾ? — ಸರಿ.

ಈ ಜನಕ್ಕೆ ಮರ್ಯಾದೆ ಗೊತ್ತಿಲ್ಲ, ಇಂಥವರ ಗುಂಪು ಇರೋದೇ ಬೇಡ, ಇದು ನೀವು ಹೇಳಿದ್ದು. ಹೌದಾ?

— ಅಲ್ಲ. ತಲೆ ಅಲ್ಲಾಡಿಸುತ್ತಿದ್ದಾರೆ. ಅಲ್ಲವಂತೆ. ಸರಿ. ಕಟ್ಟಳೆ ಅಂದರೆ ಕಟ್ಟಳೆ. ಮತ್ತೆ ಹೇಳುತ್ತೇನೆ.

ಮನೆಯವರು ಬೇಗ ಕರ್ಕೊಂಡು ಹೋಗಬೇಕಿತ್ತು ಅಂತ ಬರೆದ ಆ ಸಾಲು ನಿಮಗೆ ತಡೆಯೋಕಾಗಲಿಲ್ಲ. ಅದಕ್ಕೇ ಅಳಿಸ್ತೀನಿ ಅಂದ್ರಿ. ಹೌದಾ?

— ಕೈ ಆಡಿಸುತ್ತಿದ್ದಾರೆ. ಅದೂ ಪೂರ್ತಿ ಅಲ್ಲ.

ಅಪ್ಪಾ... ಸರಿ. ಅತ್ತಿಗೆ, ನಾನು ಮನೆಗೆ ಬಂದಾಗ ನೀವು ಇನ್ನೊಂದು ಮಾತು ಹೇಳಿದ್ರಿ. ನಾನು ನನ್ನ ಉತ್ತರ ಜೋಡಿಸ್ಕೊಳ್ತಾ ಕೂತಿದ್ದೆ, ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಈಗ ಹೇಳ್ತೀನಿ, ತಪ್ಪಿದ್ರೆ ತಡೀರಿ. ಅಣ್ಣ ಹೋದ ದಿನ ಮಧ್ಯಾಹ್ನ ಎದೆ ಹಿಡ್ಕೊಂಡು ಕೂತ್ರು. ಏಳಿ, ಆಸ್ಪತ್ರೆಗೆ ಹೋಗೋಣ ಅಂತ ನೀವು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತ್ರಿ. ಅಣ್ಣನ ಕೈಲಿ ಫೋನಿತ್ತು. ಗುಂಪಲ್ಲಿ ಇವರಿಬ್ಬರ ಜಗಳ. ಭಾವ ಅಪರೂಪಕ್ಕೆ ದೊಡ್ಡಪ್ಪ ಹೇಳಿದ್ದನ್ನ ನೆಟ್ಟಗೆ, ಮರ್ಯಾದೆಯಾಗಿ ತಿರುಗಿ ಬರೆದು "ಹೌದಾ?" ಅಂತ ಕೇಳಿದ್ರು. ದೊಡ್ಡಪ್ಪ ನೋಡಿದ್ರು, ನೋಡಿದ ಗುರುತು ಬಿದ್ದಿತ್ತು. ಉತ್ತರ ಕೊಡಲಿಲ್ಲ. ಅಣ್ಣ ಹೇಳಿದ್ರು: "ಇರೇ, ಅವನು ಹೌದು ಅಂದುಬಿಡ್ಲಿ, ಹೋಗೋಣ." ನೀವು ಚಪ್ಪಲಿ ಹಾಕ್ಕೊಂಡೇ ನಿಂತಿದ್ರಿ. ಮನೆಯವರು ಕರ್ಕೊಂಡು ಹೋಗಲಿಲ್ಲ ಅಂತ ಗುಂಪಲ್ಲಿ ಬರೆದ್ರಲ್ಲ, ಕರೆದವರು ನೀವು. ಕಾಯಿಸಿದವರು ನಾವು. — ಹೌದಾ, ಅತ್ತಿಗೆ?

...

ಹೌದು ಅಂದರು. ಹಿಂದಿನವರಿಗೆ ಕೇಳಿಸಿತಾ? ಹೌದು ಅಂದರು.

ಆ ಹೊತ್ತು ಉಳಿದಿದ್ದರೆ ಅಣ್ಣ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ನಾನು ಯಾರ ಮೇಲೂ ಕೊಲೆ ಹೊರಿಸುತ್ತಿಲ್ಲ. ಆದರೆ ದೊಡ್ಡಪ್ಪಾ, ಭಾವ ಬರೆದಿದ್ದು ಸರಿಯಾಗೇ ಇತ್ತಲ್ಲ! ಎರಡಕ್ಷರ ಬರೆಯೋದಕ್ಕೆ ಏನಾಗಿತ್ತು ನಿಮಗೆ? ಸ್ವಲ್ಪ ಕಾಯಲಿ ಅಂತಾನಾ? — ಯಾಕೆ ಎದ್ದಿರಿ? ಇನ್ನೂ ಮೌನಕ್ಕೆ ಕರೆದಿಲ್ಲ. ಏನು? ಜೋರಾಗಿ ಹೇಳಿ.

"ಹೌದು" ಅನ್ನುತ್ತಿದ್ದಾರೆ. ಭಾವನ ಕಡೆ ತಿರುಗಿ ಹೇಳುತ್ತಿದ್ದಾರೆ. "ನೀನು ಬರೆದಿದ್ದು ಸರಿಯಾಗೇ ಇತ್ತು, ಹೌದು." — ಕೇಳಿಸಿತು ದೊಡ್ಡಪ್ಪ. ಕೂತ್ಕೊಳ್ಳಿ. ಭಾವ, ಅವರಿಗೆ ನೀರು ಕೊಡಿ. ನೀವೇ ಕೊಡಿ.

ಎಂಥ ಜನ ನಾವು! ಇಷ್ಟು ಸಣ್ಣ ಮಾತು. ಅದಕ್ಕೆ ಒಬ್ಬ ಮನುಷ್ಯ ಹೋಗಬೇಕಾ?

ಈಗ ಕಟ್ಟಳೆ ಪ್ರಕಾರ ವಾದ ಮಾಡುವ ಸರದಿ ನನ್ನದು. ಗುಂಪು ಯಾಕೆ ಉಳಿಯಬೇಕು ಅಂತ ರಾತ್ರಿಯೆಲ್ಲ ಯೋಚಿಸಿ ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅತ್ತಿಗೆ, ನಿಮ್ಮ ಮಾತನ್ನ ನನ್ನ ಬಾಯಿಂದಲೇ ಹೇಳಿದ ಮೇಲೆ ಅದರಲ್ಲಿ ಒಂದೂ ಆಡೋ ಹಾಗೆ ಉಳಿದಿಲ್ಲ.

ಈ ಫೋಟೋ ನೋಡಿ. ಜಗಳ ಬಗೆಹರಿಯದೆ ಕೊನೆಗೆ ಮಗಳು ಮನೆಯಿಂದ ತಂದುಕೊಟ್ಟಳು. ಹಿಂದೆ ಪ್ಯಾನೆಲೂ ಇಲ್ಲ, ಬೋರ್ಡೂ ಇಲ್ಲ. ಬರೀ ಗೋಡೆ. ಅಂಚಿನಲ್ಲಿ ಒಂದು ಭುಜ ಕಾಣುತ್ತದಲ್ಲ, ಅದು ಅತ್ತಿಗೆಯದು. ಅಣ್ಣನೊಬ್ಬರೇ ಸಾಕು ಅಂತ ನಮ್ಮವರೇ ಮಿಕ್ಕಿದ್ದನ್ನು ಕತ್ತರಿಸಿದ್ದು. ಇಷ್ಟು ವರ್ಷವೂ ಅದನ್ನೇ ಮಾಡಿದ್ದೇವೆ. ಅತ್ತಿಗೆ, ತಪ್ಪಾಯಿತು. ನಾನು ಮಾತು ಮುಗಿಸುತ್ತೇನೆ. ಫೋನು ನಿಮ್ಮದು, ನಿಮ್ಮಿಷ್ಟ.

— ಏನತ್ತಿಗೆ? ಮೈಕು ಬೇಕಾ? ಬೇಡವಾ? ಸ್ವಲ್ಪ ಸುಮ್ಮನಿರ್ರಪ್ಪಾ, ಅತ್ತಿಗೆ ಏನೋ ಕೇಳ್ತಿದ್ದಾರೆ.

...

ಅವರು ಕೇಳಿದ್ದನ್ನು ಹಾಗೇ ಹೇಳುತ್ತೇನೆ. "ಯಾವುದೋ ಆಸ್ಪತ್ರೇಲಿ ಲಿಫ್ಟ್ ನಿಂತರೆ ಕೇಳೋಕೆ ಒಂದು ಜಾಗ ಇರಲಿ, ಅದಕ್ಕೆ ಗುಂಪು ಅಳಿಸಬೇಡಿ. ಇದು ನೀನು ಹೇಳ್ತಿರೋದು. ಹೌದಾ?"

ಹೌದು, ಅತ್ತಿಗೆ. — ಹೌದು.

ಇನ್ನು ಮಾತು ಅವರದು. ಅವರು ಹೇಳುವವರೆಗೂ ನಾವು ಯಾರೂ ಕೈ ಹಾಕುವ ಹಾಗಿಲ್ಲ. ಫೋನುಗಳನ್ನು ಜೇಬಿಗೆ ಹಾಕಿ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಣ್ಣನಿಗಾಗಿ ಮೌನ. ಅತ್ತಿಗೆ ಬಾಯಿ ತೆರೆಯುವವರೆಗೆ, ಎಷ್ಟು ಹೊತ್ತಾದರೂ ಸರಿ, ಈ ಸಲ ನಾವು ಕಾಯೋಣ.